ನಮ್ಮೂರಿನ ಎರಡು ಬೂತುಗಳ ಲೆಕ್ಕ

ನಮ್ಮದು ತೆನೆ ಹೊತ್ತ ಮಹಿಳೆಯ, ಅಂದರೆ ಜೆಡಿಎಸ್ ಚಿಹ್ನೆಯ, ಊರು ಎಂದು ತಾಲ್ಲೂಕಿಗೆಲ್ಲ ಹೆಸರು. ಮಂಡ್ಯ ಜಿಲ್ಲೆಯ ಕಬ್ಬಿನ ಸೀಮೆ, ಒಕ್ಕಲಿಗರೇ ಹೆಚ್ಚಾಗಿರುವ ಊರು ಎಂದ ಮೇಲೆ ಮಿಕ್ಕದ್ದನ್ನು ಯಾರೂ ಕೇಳುವುದಿಲ್ಲ. ಮೇಷ್ಟರ ಕೆಲಸದಿಂದ ನಿವೃತ್ತನಾದ ಮೇಲೆ ಈ ಮಾತು ಎಷ್ಟರ ಮಟ್ಟಿಗೆ ನಿಜ ಎಂದು ನೋಡುವ ಹುಚ್ಚು ನನಗೆ ಹಿಡಿಯಿತು. ನೂರು ಪುಟದ ನೋಟ್‌ಬುಕ್ ಒಂದನ್ನು ಕೊಂಡೆ.

ಬೂತುವಾರು ಮತಗಳ ಪಟ್ಟಿ ಗುಟ್ಟಿನದಲ್ಲ. ನಮೂನೆ 20 ಎಂಬ ಹೆಸರಿನಲ್ಲಿ ರಾಜ್ಯದ ಮುಖ್ಯ ಚುನಾವಣಾಧಿಕಾರಿಯ ಜಾಲತಾಣದಲ್ಲೇ ಸಿಗುತ್ತದೆ. ಒಂದು ಮತಗಟ್ಟೆಗೆ ಒಂದು ಸಾಲು, ಒಬ್ಬ ಅಭ್ಯರ್ಥಿಗೆ ಒಂದು ಕಾಲಂ, ಕೊನೆಯಲ್ಲಿ ನೋಟಾ. ನೋಡಲು ಸುಲಭ, ಓದಲು ಕಷ್ಟ. ಮೊದಲನೆಯದಾಗಿ, ಬೂತಿನ ಸಂಖ್ಯೆಯನ್ನು ನಂಬಬಾರದು. ಮತದಾರರು ಹೆಚ್ಚಾದಂತೆ ಮತಗಟ್ಟೆಗಳನ್ನು ಒಡೆಯುತ್ತಾರೆ, ಸಂಖ್ಯೆಗಳು ಸರಿದುಹೋಗುತ್ತವೆ. ಶಾಲೆಯ ಹೆಸರು, ಕೊಠಡಿ, ಮತದಾರರ ಪಟ್ಟಿಯಲ್ಲಿರುವ ಬೀದಿಗಳು, ಇವೆಲ್ಲ ತಾಳೆಯಾದರೆ ಮಾತ್ರ ಅದು ಹಳೆಯ ಬೂತೇ. ಇನ್ನೊಂದು, ಮನೆಯಲ್ಲೇ ಕುಳಿತು ಓಟು ಹಾಕಿದ ವೃದ್ಧರು ಈ ಸಾಲಿಗೆ ಬರುವುದಿಲ್ಲ. ಅವರದು ಅಂಚೆ ಮತದ ಲೆಕ್ಕ. 2023ರಲ್ಲಿ 80 ದಾಟಿದವರಿಗೆ ಈ ಸೌಲಭ್ಯವಿತ್ತು, 2024ರಲ್ಲಿ 85 ದಾಟಿರಬೇಕಾಯಿತು.

ನನ್ನ ಮೊದಲ ತಪ್ಪು 2019ರ ಲೋಕಸಭಾ ಚುನಾವಣೆಯ ಹಾಳೆಯಲ್ಲಿ ಆಯಿತು. ಪಕ್ಷೇತರರಾಗಿ ನಿಂತಿದ್ದ ಸುಮಲತಾ ಅಂಬರೀಶ್ ಅವರಿಗೆ ನಮ್ಮೂರಿನಲ್ಲಿ ಬಿದ್ದ ಮತ ಬೆರಳೆಣಿಕೆಯಷ್ಟೇ ಎಂದು ಬರೆದುಕೊಂಡು ಒಂದು ವಾರ ಎಲ್ಲರಿಗೂ ಹೇಳಿಕೊಂಡು ತಿರುಗಿದೆ. ಕಣದಲ್ಲಿ ಅದೇ ಹೆಸರಿನ ಇನ್ನೂ ಮೂವರಿದ್ದರು. ನಾನು ನೋಡಿದ್ದು ಬೇರೆ ಸುಮಲತಾ ಕಾಲಂ. ಅವರ ಚಿಹ್ನೆಯಾದ ಕಹಳೆ ಊದುವ ರೈತನ ಕಾಲಂ ಹುಡುಕಿ ನೋಡಿದಾಗ ನಮ್ಮೂರೇ ಬೇರೆಯಾಗಿ ಕಂಡಿತು.

ಅಲ್ಲಿಂದ ಮುಂದೆ ನೋಟ್‌ಬುಕ್ಕಿಗೆ ರುಚಿ ಬಂತು. 2018ರ ಮೇ ತಿಂಗಳಲ್ಲಿ ಮಂಡ್ಯ ಲೋಕಸಭಾ ಕ್ಷೇತ್ರದ ಎಂಟಕ್ಕೆ ಎಂಟೂ ವಿಧಾನಸಭಾ ಸ್ಥಾನಗಳು ಜೆಡಿಎಸ್‌ಗೆ ಹೋಗಿದ್ದವು. ಅದೇ ನವೆಂಬರಿನ ಲೋಕಸಭಾ ಉಪಚುನಾವಣೆಯಲ್ಲಿ ಆ ಪಕ್ಷ ಗೆದ್ದದ್ದು ಮೂರು ಲಕ್ಷಕ್ಕೂ ಮೀರಿದ ಅಂತರದಿಂದ. ಆರು ತಿಂಗಳು ಕಳೆಯುವುದರೊಳಗೆ ಅದೇ ಜನ ಪಕ್ಷೇತರ ಅಭ್ಯರ್ಥಿಯನ್ನು 1,25,876 ಮತಗಳಿಂದ ಗೆಲ್ಲಿಸಿದರು. 2023ರಲ್ಲಿ ಆ ಎಂಟರಲ್ಲಿ ಜೆಡಿಎಸ್‌ಗೆ ಉಳಿದದ್ದು ಕೆ.ಆರ್. ಪೇಟೆ ಒಂದೇ. ಮರುವರ್ಷ ಬಿಜೆಪಿಯ ಜೊತೆಗೂಡಿ ನಿಂತ ಕುಮಾರಸ್ವಾಮಿ 2,84,620 ಮತಗಳ ಅಂತರದಿಂದ ಗೆದ್ದರು. ನಮ್ಮೂರಿನ ದೊಡ್ಡ ಬೂತು ಪ್ರತಿಸಲವೂ ಜಿಲ್ಲೆಯ ಜೊತೆಗೇ ಮಗ್ಗುಲು ಬದಲಿಸಿದೆ. ‘ತೆನೆ ಹೊತ್ತ ಊರು’ ಎಂಬುದು ಅರ್ಧ ಸತ್ಯ.

ಗೆದ್ದೆತ್ತಿನ ಬಾಲ ಹಿಡಿಯುವ ಜನ ಎಂದು ಪೇಟೆಯವರು ಹಗುರವಾಗಿ ಹೇಳುತ್ತಾರೆ. ನಾನು ಒಪ್ಪುವುದಿಲ್ಲ. ಬೆಳಗಿನ ಆರು ಗಂಟೆಗೆ ಹಾಲಿನ ಡೇರಿಯ ಸಾಲಿನಲ್ಲಿ ಕ್ಯಾನು ಹಿಡಿದು ನಿಂತರೆ ಕಾರಣಗಳು ತಾವಾಗಿಯೇ ಕಿವಿಗೆ ಬೀಳುತ್ತವೆ. ನಾನು ಯಾರನ್ನೂ ‘ಯಾರಿಗೆ ಹಾಕಿದಿರಿ’ ಎಂದು ಕೇಳಿದವನಲ್ಲ. ಕೇಳಿದರೆ ಸಿಗುವುದು ಸುಳ್ಳು. ‘ಯಾಕೆ ಈ ಸಲ ಹೀಗಾಯಿತು’ ಎಂದರೆ ಬಾಯಿ ಬಿಡುತ್ತಾರೆ. 2024ರ ಫಲಿತಾಂಶದ ಮಾರನೆಯ ದಿನ ಒಬ್ಬ ಅಜ್ಜಿ ಫ್ಯಾಟ್ ಅಳೆಯುವವನ ಕಡೆಗೊಂದು ಕಣ್ಣಿಟ್ಟೇ ಹೇಳಿದಳು: “ಎರಡು ಸಾವಿರ ಕೊಡುವವರನ್ನು ಮರೆತಿಲ್ಲ ಮೇಷ್ಟ್ರೇ. ಅದು ಬೆಂಗಳೂರಿನ ಓಟು, ಇದು ದೆಹಲಿಯ ಓಟು. ಎರಡಕ್ಕೂ ಒಂದೇ ಮನೆಯವರನ್ನು ಕಳಿಸಬೇಕು ಅಂತ ಕಾನೂನಿದೆಯಾ?”

ಈ ವಿವೇಕ ಹೊಸದೇನಲ್ಲ. 1984ರ ಡಿಸೆಂಬರಿನಲ್ಲಿ ರಾಜ್ಯದ 28 ಲೋಕಸಭಾ ಸ್ಥಾನಗಳಲ್ಲಿ 24ನ್ನು ಕಾಂಗ್ರೆಸ್ಸಿಗೆ ಕೊಟ್ಟ ಮತದಾರರು ಮೂರು ತಿಂಗಳಿಗೆ ವಿಧಾನಸಭೆಯಲ್ಲಿ ರಾಮಕೃಷ್ಣ ಹೆಗಡೆಯವರ ಜನತಾ ಪಕ್ಷಕ್ಕೆ 139 ಸ್ಥಾನ ಕೊಟ್ಟಿದ್ದರು. ‘ಓಟ್ ಬ್ಯಾಂಕ್’ ಎಂಬ ಮಾತನ್ನು ಚಲಾವಣೆಗೆ ತಂದ ಸಮಾಜಶಾಸ್ತ್ರಜ್ಞ ಎಂ.ಎನ್. ಶ್ರೀನಿವಾಸರು ಹಳ್ಳಿಯನ್ನು ಅಧ್ಯಯನ ಮಾಡಿದ್ದು ಕೂಡ ನಮ್ಮ ಮೈಸೂರು ಸೀಮೆಯಲ್ಲೇ. ಆ ಬ್ಯಾಂಕಿನಲ್ಲಿ ಈಗಲೂ ಠೇವಣಿ ಇದೆ. ಆದರೆ ಹಣ ಯಾವಾಗ ಹಿಂತೆಗೆದಾರು ಎಂಬುದು ಮ್ಯಾನೇಜರನಿಗೇ ಗೊತ್ತಿಲ್ಲ.

ಗ್ರಾಮ ಪಂಚಾಯಿತಿ ಚುನಾವಣೆ ನನ್ನ ನೋಟ್‌ಬುಕ್ಕಿಗೆ ಸಿಗಲೇ ಇಲ್ಲ. ಅಲ್ಲಿ ಪಕ್ಷದ ಚಿಹ್ನೆ ಇಲ್ಲ. 2020ರ ಡಿಸೆಂಬರಿನಲ್ಲಿ ಒಂದೇ ಪಕ್ಷದ ಮನೆಯ ಇಬ್ಬರು ಅಣ್ಣತಮ್ಮಂದಿರು ಎದುರುಬದುರು ನಿಂತಿದ್ದರು. ಅಲ್ಲಿ ಓಟಾಗಿದ್ದು ನಾಲೆಯ ನೀರಿನ ಸರದಿಗೆ, ಬೀದಿ ದೀಪಕ್ಕೆ, ಹಳೆಯ ಬೇಲಿ ಜಗಳಕ್ಕೆ.

ಇನ್ನು ನನಗೆ ಕಸಿವಿಸಿ ಹುಟ್ಟಿಸಿದ ವಿಷಯ. ನಮ್ಮೂರಿಗೆ ಬೂತುಗಳು ಎರಡು. ಎರಡನೆಯದರಲ್ಲಿ ಬಹುಪಾಲು ಕಾಲೊನಿಯ ದಲಿತ ಕುಟುಂಬಗಳೇ. ದೊಡ್ಡ ಬೂತು ಮಗ್ಗುಲು ಬದಲಿಸಿದಾಗಲೆಲ್ಲ ಅದೂ ಬದಲಿಸಿಲ್ಲ. ಅಷ್ಟು ಸಣ್ಣ ಬೂತಿನಲ್ಲಿ ಕಾಲೊನಿ ಯಾರಿಗೆ ಹಾಕಿತೆಂದು ಅಂಕಿಗಳೇ ಬೆರಳು ಮಾಡಿ ತೋರಿಸುತ್ತವೆ. ಮತಪತ್ರಗಳ ಕಾಲದಲ್ಲಿ ಹಲವು ಬೂತುಗಳ ಚೀಟಿಗಳನ್ನು ಬೆರೆಸಿ ಎಣಿಸುವ ಕ್ರಮವಿತ್ತು. ಯಂತ್ರ ಬಂದ ಮೇಲೆ ಅದು ಹೋಯಿತು. ಹಲವು ಯಂತ್ರಗಳ ಮತವನ್ನು ಒಟ್ಟಾಗಿ ತೋರಿಸುವ ಟೋಟಲೈಸರ್ ಬೇಕೆಂದು ಚುನಾವಣಾ ಆಯೋಗ 2008ರಲ್ಲೇ ಸೂಚಿಸಿತ್ತು, ಕಾನೂನು ಆಯೋಗವೂ 2015ರಲ್ಲಿ ಅದನ್ನೇ ಹೇಳಿತು. ಇನ್ನೂ ಬಂದಿಲ್ಲ. ಒಂದು ಚುನಾವಣೆ ಮುಗಿದ ಮೇಲೆ ಕಾಲೊನಿಯ ಚರಂಡಿ ಕೆಲಸ ಅರ್ಧಕ್ಕೆ ನಿಂತಿತು. ಕಾರಣ ಯಾರೂ ಬಾಯಿಬಿಟ್ಟು ಹೇಳಲಿಲ್ಲ.

ಆಮೇಲೆ ನಾನು ಎರಡೂ ಬೂತುಗಳನ್ನು ಕೂಡಿಸಿ ಒಂದೇ ಸಾಲಿನಲ್ಲಿ ಬರೆಯತೊಡಗಿದೆ. ಹಳೆಯ ಪುಟಗಳನ್ನು ಹರಿದು ಒಲೆಗೆ ಹಾಕಿದೆ. ಮೊನ್ನೆ ನನ್ನ ಹಳೆಯ ಶಿಷ್ಯನೊಬ್ಬ, ಈಗ ಊರಿನ ಮುಖಂಡ, ಮೊಬೈಲ್ ಹಿಡಿದು ಜಗಲಿಗೆ ಬಂದ. ನಮೂನೆ 20ನ್ನು ತಾನೇ ಇಳಿಸಿಕೊಂಡಿದ್ದ. ಪರದೆಯನ್ನು ನನ್ನತ್ತ ಚಾಚಿ ಕೇಳಿದ: “ಇದರಲ್ಲಿ ಕಾಲೊನಿಯ ಬೂತು ಯಾವುದು ಮೇಷ್ಟ್ರೇ?”

ಕನ್ನಡಕ ಒಳಗಿದೆ ಎಂದೆ. ಅದು ನನ್ನ ಜೇಬಿನಲ್ಲೇ ಇತ್ತು.