ಬಿಟ್ಟಲ್ಲಿಂದ ಮತ್ತೆ ಹಿಡಿಯುವಂತೆ: ಎಳೆಯ ಮಕ್ಕಳ ನಡುವೆ ಕಲಾಭ್ಯಾಸ

ಮಗು ಬಂದ ಮೇಲೆ ಚಿತ್ರ ಬರೆಯುವುದನ್ನು ನಿಲ್ಲಿಸಿದವರನ್ನು ಕೇಳಿದರೆ ಬಹುತೇಕ ಎಲ್ಲರೂ ಸಮಯವಿಲ್ಲವೆನ್ನುತ್ತಾರೆ. ಇಬ್ಬರು ಮಕ್ಕಳನ್ನು ಬೆಳೆಸುತ್ತ ಚಿತ್ರ ಬರೆಯುವ ನನಗೆ ಆ ಮಾತಿನ ಹಿಂದಿನ ದಣಿವು ಗೊತ್ತು. ಆದರೂ ತೊಂದರೆಯ ಬುಡ ಇರುವುದು ಬೇರೆಡೆ. 20 ನಿಮಿಷದ ಬಿಡುವು ದಿನಕ್ಕೆ ಒಂದು ಬಾರಿಯಾದರೂ ಹೇಗೋ ಸಿಗುತ್ತದೆ. ಹಾಳೆ ಹಾಸಿ, ಬಣ್ಣ ಕಲಸಿ, ನಿನ್ನೆ ಎಲ್ಲಿಗೆ ನಿಲ್ಲಿಸಿದ್ದೆವೆಂದು ನೆನಪಿಸಿಕೊಳ್ಳುವಷ್ಟರಲ್ಲಿ ಅದರ ಮುಕ್ಕಾಲು ಪಾಲು ಕಳೆದು, ಕೈ ಹದಕ್ಕೆ ಬರುವ ಹೊತ್ತಿಗೆ ಮಗು ಎದ್ದಿರುತ್ತದೆ. ಆದ್ದರಿಂದ ಮೊದಲು ಮಾಡಬೇಕಾದದ್ದು ಹೆಚ್ಚು ಸಮಯ ಹುಡುಕುವ ಕೆಲಸವಲ್ಲ. ಯಾವ ಕ್ಷಣದಲ್ಲಿ ಬೇಕಾದರೂ ಬಿಟ್ಟೇಳಬಹುದಾದ, ಬಿಟ್ಟಲ್ಲಿಂದಲೇ ಮತ್ತೆ ಹಿಡಿಯಬಹುದಾದ ಹಾಗೆ ಅಭ್ಯಾಸವನ್ನು ಮಾರ್ಪಡಿಸಿಕೊಳ್ಳುವುದು.

ಮಾಧ್ಯಮದ ಆಯ್ಕೆ ಇಲ್ಲಿ ಬಹಳ ಮುಖ್ಯ. ಬಿಲ್ಲೆಯ ರೂಪದಲ್ಲಿ ಬರುವ ಜಲವರ್ಣ ತಿಂಗಳುಗಟ್ಟಲೆ ಒಣಗಿ ಬಿದ್ದಿದ್ದರೂ ಒದ್ದೆ ಕುಂಚ ತಾಗಿದೊಡನೆ ಎಚ್ಚೆತ್ತುಕೊಳ್ಳುತ್ತದೆ. ಅಕ್ರಿಲಿಕ್ ಹಾಗಲ್ಲ, ತೆಳುವಾಗಿ ಹಚ್ಚಿದ್ದು ಕೆಲವೇ ನಿಮಿಷಗಳಲ್ಲಿ ಒಣಗುತ್ತದೆ, ಒಣಗಿದ ಮೇಲೆ ನೀರಿಗೆ ಕರಗುವುದಿಲ್ಲ. ಅದನ್ನೇ ಬಳಸುವವರು ಬಿಗಿಯಾದ ಮುಚ್ಚಳದ ಚಪ್ಪಟೆ ಡಬ್ಬಿಯಲ್ಲಿ ಒದ್ದೆ ಸ್ಪಂಜು ಹಾಸಿ, ಅದರ ಮೇಲೆ ಬೆಣ್ಣೆಕಾಗದದಂಥ ಹಾಳೆಯಿಟ್ಟು ಬಣ್ಣ ಕಲಸಿಕೊಂಡರೆ, ಅವಸರದಲ್ಲಿ ಮುಚ್ಚಿಟ್ಟ ಬಣ್ಣ ಮರುದಿನವೂ ಹಸಿಯಾಗಿಯೇ ಸಿಗುತ್ತದೆ. ಜೇಡಿಮಣ್ಣಿನ ಅರೆಬರೆ ಕೆಲಸವನ್ನು ಒದ್ದೆ ಬಟ್ಟೆ ಮತ್ತು ಪ್ಲಾಸ್ಟಿಕ್ಕಿನಿಂದ ಸುತ್ತಿಟ್ಟರೆ ಹಲವು ದಿನ ಕಾಯುತ್ತದೆ. ಕಸೂತಿ, ಹೆಣಿಗೆ, ಪೆನ್ನಿನ ರೇಖಾಚಿತ್ರಗಳಂತೂ ಒಂದು ಹೊಲಿಗೆ ಅಥವಾ ಒಂದು ಗೆರೆ ಮುಗಿದ ಕೂಡಲೇ ಯಾವ ನಷ್ಟವೂ ಇಲ್ಲದೆ ಬಿಟ್ಟೇಳಬಹುದಾದ ಕಲೆಗಳು.

ಅಮೆರಿಕದ ಶಿಲ್ಪಿ ರೂತ್ ಅಸಾವಾ (1926–2013) ನನಗೆ ಮತ್ತೆ ಮತ್ತೆ ನೆನಪಾಗುವುದು ಇದೇ ಕಾರಣಕ್ಕೆ. 1947ರಲ್ಲಿ ಮೆಕ್ಸಿಕೋದಲ್ಲಿ ಕಂಡ ತಂತಿಬುಟ್ಟಿಗಳ ಹೆಣಿಗೆಯನ್ನು ಕಲಿತು, ಅದನ್ನೇ ತೂಗುಶಿಲ್ಪಗಳಾಗಿ ಬೆಳೆಸಿದ ಅವರು, ಆರು ಮಕ್ಕಳನ್ನು ಸುತ್ತಲೂ ಇಟ್ಟುಕೊಂಡು ಮನೆಯಲ್ಲೇ ಕೆಲಸ ಮಾಡಿದರು. ಒಂದು ಕುಣಿಕೆಯಿಂದ ಮುಂದಿನ ಕುಣಿಕೆಗೆ ಸಾಗುವ ಆ ಹೆಣಿಗೆಯನ್ನು ಎಲ್ಲಿ ಬೇಕಾದರೂ ನಿಲ್ಲಿಸಬಹುದು. ಬ್ರಿಟಿಷ್ ಶಿಲ್ಪಿ ಬಾರ್ಬರಾ ಹೆಪ್ವರ್ತ್ ಅವರಿಗೆ ಮೊದಲ ಮಗನ ನಂತರ 1934ರಲ್ಲಿ ತ್ರಿವಳಿ ಮಕ್ಕಳು ಹುಟ್ಟಿದರು. ಎರಡನೆಯ ಮಹಾಯುದ್ಧದ ಆರಂಭದ ವರ್ಷಗಳಲ್ಲಿ, ಮನೆಗೆಲಸ ಮತ್ತು ಮಕ್ಕಳ ಪಾಲನೆಯ ನಡುವೆ ಕಲ್ಲು ಕೆತ್ತಲು ಅವಕಾಶವಿಲ್ಲದೆ ಹೋದಾಗ, ಅವರು ರಾತ್ರಿಯ ಹೊತ್ತು ರೇಖಾಚಿತ್ರಗಳನ್ನೂ ಪುಟ್ಟ ಪ್ಲಾಸ್ಟರ್ ಮಾದರಿಗಳನ್ನೂ ಮಾಡಿದರು. ದೊಡ್ಡ ಕೆಲಸಕ್ಕೆ ಅನುಕೂಲವಿಲ್ಲದಾಗ ಅದೇ ಆಲೋಚನೆಯನ್ನು ಚಿಕ್ಕ ಅಳತೆಯಲ್ಲಿ ಮುಂದುವರಿಸುವುದು ಕಲೆಯಲ್ಲಿ ರಾಜಿ ಮಾಡಿಕೊಂಡಂತಲ್ಲವೆಂದು ನಾನು ದೃಢವಾಗಿ ನಂಬುತ್ತೇನೆ. ಕ್ಯಾನ್ವಾಸಿನ ಬದಲು ಅಂಗೈಯಗಲದ ಪುಸ್ತಕವೊಂದು ಸದಾ ಕೈಗೆಟುಕುವಲ್ಲಿರಲಿ.

ಬಿಟ್ಟೇಳುವ ಕೊನೆಯ ನಿಮಿಷವನ್ನು ಬಳಸುವ ರೀತಿಯನ್ನೂ ಕಲಿಯಬೇಕು. ಮಗು ಮಿಸುಕಾಡಿದ ಸದ್ದು ಕೇಳಿದಾಗ ಇನ್ನೊಂದು ಗೆರೆ ಎಳೆಯುವ ಆಸೆಯನ್ನು ತಡೆದು, ಮುಂದೆ ಮಾಡಬೇಕಾದದ್ದನ್ನು ಒಂದೇ ವಾಕ್ಯದಲ್ಲಿ ಚೀಟಿಯ ಮೇಲೆ ಬರೆದು ಚಿತ್ರಕ್ಕೆ ಅಂಟಿಸಿಡಿ. ‘ಎಡಗಡೆಯ ನೆರಳಿಗೆ ಇನ್ನಷ್ಟು ನೀಲಿ ಬೇಕು’ ಎಂಬಷ್ಟು ಖಚಿತವಾಗಿರಲಿ. ‘ಮುಂದುವರಿಸು’ ಎಂದು ಬರೆದಿಟ್ಟರೆ ಪ್ರಯೋಜನವಿಲ್ಲ. ಮೂರು ದಿನ ಬಿಟ್ಟು ಬಂದರೂ ಆ ಚೀಟಿಯಿಂದ ಕೆಲಸ ನೇರವಾಗಿ ಶುರುವಾಗುತ್ತದೆ. ಯೋಚಿಸುವ ಭಾಗವನ್ನು ಪಾತ್ರೆ ತೊಳೆಯುವಾಗ, ಮಗುವನ್ನು ತೂಗುವಾಗ ಮುಗಿಸಿಕೊಂಡರೆ, ಕೂತಾಗ ಕೈಗೆ ಮಾತ್ರ ಕೆಲಸ ಉಳಿಯುತ್ತದೆ.

ಮಗುವಿನ ನಿದ್ರೆಯನ್ನು ನಂಬಿ ವೇಳಾಪಟ್ಟಿ ಹಾಕಿಕೊಳ್ಳುವವರು ಅದು ಬದಲಾಗುತ್ತಲೇ ಇರುತ್ತದೆಂದು ತಿಳಿದಿರಬೇಕು. ನವಜಾತ ಶಿಶು ದಿನಕ್ಕೆ ಸುಮಾರು 14ರಿಂದ 17 ಗಂಟೆ ಮಲಗಿದರೂ ಅದೆಲ್ಲ ತುಂಡುತುಂಡು ನಿದ್ರೆ. ಆ ಮೊದಲ ತಿಂಗಳುಗಳಲ್ಲಿ ನೀವೂ ಮಲಗಿ, ಚಿತ್ರ ಕಾಯುತ್ತದೆ. ಒಂದು ವರ್ಷ ದಾಟಿದ ಮೇಲೆ ಹಗಲಿನ ಎರಡು ನಿದ್ರೆಗಳು ಒಂದಾಗುತ್ತವೆ, ಸಾಮಾನ್ಯವಾಗಿ 3ರಿಂದ 5 ವರ್ಷದೊಳಗೆ ಅದೂ ನಿಂತುಹೋಗುತ್ತದೆ. ಆಗ ಅಭ್ಯಾಸವೇ ಮುರಿದುಬಿತ್ತೆಂದು ಕೈಚೆಲ್ಲದೆ, ಬೆಳಗಿನ ಜಾವಕ್ಕೋ ಮಗು ಮಲಗಿದ ರಾತ್ರಿಗೋ ಹೊತ್ತನ್ನು ಬದಲಿಸಿಕೊಳ್ಳಿ. ಮನೆಯಲ್ಲಿ ಇನ್ನೊಬ್ಬ ಹಿರಿಯರಿದ್ದರೆ ವಾರಕ್ಕೊಮ್ಮೆ ಎರಡು ಗಂಟೆ ಮಗುವಿನ ಹೊಣೆ ಅವರದೆಂದು ಮೊದಲೇ ಮಾತಾಡಿ ಗೊತ್ತುಪಡಿಸಿಕೊಳ್ಳಿ.

ಸುರಕ್ಷತೆಯ ವಿಷಯದಲ್ಲಿ ಮಾತ್ರ ಯಾವ ಸಡಿಲಿಕೆಯೂ ಬೇಡ. ತೆವಳುವ ಮಗು ಸಿಕ್ಕಿದ್ದನ್ನೆಲ್ಲ ಬಾಯಿಗಿಡುತ್ತದೆ. ಸೀಸ ಅಥವಾ ಕ್ಯಾಡ್ಮಿಯಂ ಇರುವ ಬಣ್ಣಗಳನ್ನು ಈ ಕೆಲವು ವರ್ಷಗಳ ಮಟ್ಟಿಗೆ ಮನೆಯಿಂದ ಹೊರಗಿಡುವುದೇ ಲೇಸು. ತೈಲವರ್ಣವನ್ನು ತೆಳುಮಾಡಲು ಬಳಸುವ ಟರ್ಪೆಂಟೈನನ್ನು ಎಂದಿಗೂ ಲೋಟಕ್ಕಾಗಲಿ ನೀರಿನ ಬಾಟಲಿಗಾಗಲಿ ಸುರಿದಿಡಬೇಡಿ. ಮಗು ಅದನ್ನು ಕುಡಿದರೆ ವಾಂತಿ ಮಾಡಿಸಲು ಹೋಗದೆ ತಕ್ಷಣ ವೈದ್ಯರಲ್ಲಿಗೆ ಒಯ್ಯಬೇಕು, ಏಕೆಂದರೆ ವಾಂತಿಯ ಜೊತೆ ಅದು ಶ್ವಾಸಕೋಶಕ್ಕೆ ಇಳಿದು ಇನ್ನೂ ದೊಡ್ಡ ಹಾನಿ ಮಾಡುತ್ತದೆ. ತೈಲವರ್ಣಕ್ಕೆ ಬೆರೆಸುವ ಅಗಸೆ ಎಣ್ಣೆಯಲ್ಲಿ ನೆನೆದ ಬಟ್ಟೆಯನ್ನು ಮುದ್ದೆ ಮಾಡಿ ಬಿಸಾಡುವುದೂ ಅಪಾಯಕಾರಿ: ಆ ಎಣ್ಣೆ ಒಣಗುವಾಗ ಶಾಖ ಹುಟ್ಟಿ, ಮುದ್ದೆಯೊಳಗೆ ಅದು ಕೂಡಿಕೊಂಡು ತಾನಾಗಿಯೇ ಬೆಂಕಿ ಹತ್ತಬಹುದು. ಬಟ್ಟೆಯನ್ನು ಬಯಲಿನಲ್ಲಿ ಅಗಲವಾಗಿ ಹರಡಿ ಒಣಗಿಸಿ. ಒಣಗಿದ ಜೇಡಿಮಣ್ಣಿನ ಧೂಳಿನಲ್ಲಿ ಉಸಿರಾಟಕ್ಕೆ ಹಾನಿ ಮಾಡುವ ಸಿಲಿಕಾ ಇರುವುದರಿಂದ, ನೆಲವನ್ನು ಗುಡಿಸದೆ ಒದ್ದೆ ಬಟ್ಟೆಯಿಂದ ಒರೆಸಿ.

ಎರಡು ವರ್ಷ ತುಂಬಿದ ಮಗುವನ್ನು ಪಕ್ಕದಲ್ಲಿ ಕೂರಿಸಿಕೊಂಡು ಕೆಲಸ ಮಾಡುವುದಾದರೆ, ಅದಕ್ಕೆ ಅದರದೇ ಹಾಳೆ, ಅದರದೇ ದಪ್ಪ ಬಳಪ ಕೊಡಿ. ನಿಮ್ಮ ಚಿತ್ರದ ಮೇಲೆ ಗೀಚೀತೆಂಬ ಭಯವಿರುವ ಕೆಲಸವನ್ನು ಆ ಹೊತ್ತಿಗೆ ಹಚ್ಚಿಕೊಳ್ಳದೆ, ಬಣ್ಣದ ಪರೀಕ್ಷೆ, ಹಾಳೆ ಕತ್ತರಿಸುವುದು, ವೇಗದ ರೇಖಾಭ್ಯಾಸಗಳಂಥವನ್ನು ಮಾಡಿ. ಮಗುವನ್ನೇ ನೋಡಿ ಬರೆಯುವುದಕ್ಕೂ ಇದೇ ಸಕಾಲ. ಫ್ರಾನ್ಸಿನ ಚಿತ್ರಕಲಾವಿದೆ ಬರ್ತ್ ಮೊರಿಸೊ 1878ರಲ್ಲಿ ಹುಟ್ಟಿದ ತಮ್ಮ ಮಗಳು ಜೂಲಿಯನ್ನು ಶೈಶವದಿಂದ ಹದಿಹರೆಯದವರೆಗೆ ಚಿತ್ರಿಸುತ್ತಲೇ ಬಂದರು. ಅಲುಗಾಡದೆ ಕೂರುವ ಮಗುವಿಲ್ಲ. ಆದ್ದರಿಂದ ಒಂದೇ ಪುಟದಲ್ಲಿ ಐದಾರು ಭಂಗಿಗಳನ್ನು ಅರ್ಧಕ್ಕೇ ಬಿಡುತ್ತ ಹೋಗಿ, ಮಗು ಹಳೆಯ ಭಂಗಿಗೆ ಮರಳಿದಾಗ ಆ ಗೆರೆಗೂ ಮರಳಿ. ಕೈಗೆ ಇದಕ್ಕಿಂತ ಒಳ್ಳೆಯ ತಾಲೀಮು ನನಗೆ ಎಲ್ಲೂ ಸಿಕ್ಕಿಲ್ಲ.

ಪ್ರತಿ ಹಾಳೆಯ ಹಿಂದೆ ತಾರೀಖು ಹಾಕಿ, ಎಲ್ಲವನ್ನೂ ಒಂದೇ ಪೆಟ್ಟಿಗೆಯಲ್ಲಿ ಕೂಡಿಡಿ. ಮಗು ಶಾಲೆಗೆ ಹೊರಟು ಒಮ್ಮೆಲೇ ಮೂರು ನಾಲ್ಕು ಗಂಟೆಗಳ ಬಿಡುವು ಸಿಕ್ಕಾಗ, ತುಣುಕು ಹೊತ್ತಿಗೆ ಒಗ್ಗಿದ ಕೈ ಮೊದಲ ಕೆಲವು ವಾರ ತಡವರಿಸುತ್ತದೆ. ಆಗ ಖಾಲಿ ಕ್ಯಾನ್ವಾಸಿನ ಮುಂದೆ ಕೂರುವ ಬದಲು ಆ ಪೆಟ್ಟಿಗೆಯನ್ನು ನೆಲದ ಮೇಲೆ ಹರಡಿ, ಅದರಲ್ಲಿ ದೊಡ್ಡದಾಗಿ ಬೆಳೆಯಬಲ್ಲ ಒಂದು ಚಿತ್ರವನ್ನು ಆರಿಸಿಕೊಳ್ಳಿ.