ಪ್ಲೇಟ್ ಬಿಟ್ಟು ಪ್ಲಾಸ್ಟರ್ ಹಿಡಿದೆ: ಮುರಿದ ಬೆರಳುಗಳ ಜೊತೆ ನನ್ನ ಅನುಭವ

ಪ್ರಾಕ್ಸಿಮಲ್ ಫ್ಯಾಲಾಂಕ್ಸ್, ಅಂದರೆ ಬೆರಳಿನ ಬುಡದ ಮೂಳೆ, ಅಡ್ಡ ಮುರಿದು ಬಂದರೆ ಲೋಹದ ಪ್ಲೇಟ್ ಕೂರಿಸಲು ನಾನೀಗ ಮೊದಲು ಓಟಿ (ಆಪರೇಷನ್ ಥಿಯೇಟರ್) ಕಡೆ ನೋಡುವುದಿಲ್ಲ. ಬೆರಳಿನ ಬುಡದ ಗೆಣ್ಣು ಬಗ್ಗಿಸಿ ಪ್ಲಾಸ್ಟರ್ ಹಾಕುತ್ತೇನೆ, ಮುಂದಿನ ಎರಡು ಕೀಲು ಆಡಲು ಬಿಡುತ್ತೇನೆ, ಅವತ್ತಿನಿಂದಲೇ ಬೆರಳು ಆಡಿಸಿ ಅನ್ನುತ್ತೇನೆ. "ಮುರಿದ ಬೆರಳು ಆಡಿಸೋದಾ?" ಅಂತ ನಕ್ಕಿದ್ದ ಸೀನಿಯರ್‌ಗಳೇ ಈಗ ಸೊರಬದಿಂದ, ಹೊಸನಗರದಿಂದ ಇಂಥ ಕೇಸು ನನಗೆ ಕಳಿಸುತ್ತಾರೆ. ಐದಾರು ವರ್ಷದಲ್ಲಿ 70-80 ಕೈ ಆಗಿರಬೇಕು. ಕೊನೆಗೆ ಮೂಳೆಗೆ ವೈರ್ (ತೆಳು ಲೋಹದ ಕಡ್ಡಿ) ಹಾಕಬೇಕಾದದ್ದು ಎಂಟೋ ಹತ್ತೋ.

ಗೆಣ್ಣು ಬಗ್ಗಿದರೆ ಎಕ್ಸ್‌ಟೆನ್ಸರ್ ಹುಡ್ (ಬೆರಳಿನ ಬೆನ್ನ ಮೇಲಿನ ಸ್ನಾಯುರಜ್ಜಿನ ಪೊರೆ) ಬಿಗಿಯಾಗಿ ಮೂಳೆ ಹಿಡಿದುಕೊಳ್ಳುತ್ತದೆ, ಅದು ನಿಮಗೂ ಗೊತ್ತು. ಕಷ್ಟ ಇರುವುದು ಬಗ್ಗಿಸುವುದರಲ್ಲೇ. ಮಣಿಕಟ್ಟು 30 ಡಿಗ್ರಿ ಹಿಂದಕ್ಕೆ, ಗೆಣ್ಣು 80-90. ಶುರುವಿನಲ್ಲಿ ಕಣ್ಣಿಗೆ 90 ಕಂಡದ್ದು ಎಕ್ಸ್-ರೇನಲ್ಲಿ 50 ಬರುತ್ತಿತ್ತು. ಕೈ ಊದಿರುತ್ತದೆ, ಮೇಲೆ ಹತ್ತಿ ಬೇರೆ. 50ಕ್ಕೆ ನಿಂತರೆ ಮುರಿದ ಜಾಗ ಅಂಗೈ ಕಡೆ ಉಬ್ಬಿಯೇ ಉಬ್ಬುತ್ತದೆ. ಈಗ ಗೆಣ್ಣಿನ ಮೇಲೆ ಹತ್ತಿ ತೆಳ್ಳಗೆ. ಪ್ಲಾಸ್ಟರ್ ಗಟ್ಟಿಯಾಗುವ ಮೊದಲು ರೋಗಿಯಿಂದಲೇ ಬೆರಳು ಮಡಿಸಿಸುತ್ತೇನೆ. ರಿಸ್ಟ್ ಬ್ಲಾಕ್ (ಮಣಿಕಟ್ಟಿನಲ್ಲಿ ಚುಚ್ಚಿ ಕೈ ಮರಗಟ್ಟಿಸುವುದು) ಕೊಟ್ಟಿದ್ದರೂ ಮುಂಗೈ ಸ್ನಾಯು ಕೆಲಸ ಮಾಡುತ್ತವೆ ಅಲ್ವಾ? ಮೂಳೆ ತಿರುಗಿ ಬೆರಳು ಒಂದರ ಮೇಲೊಂದು ಏರಿದರೆ ಆಗಲೇ ಗೊತ್ತಾಗುತ್ತದೆ. ಅಚ್ಚು ಒತ್ತುವಾಗ ನನ್ನ ಹೆಬ್ಬೆರಳು ಎಲ್ಲಿರುತ್ತದೆ ಅನ್ನುವುದೊಂದು ಗುಟ್ಟು. ಅದು ಬರೆದರೆ ಬರಲ್ಲ, ಓಪಿಡಿಗೆ ಬನ್ನಿ, ಚಹಾ ಕುಡಿಸಿ ತೋರಿಸುತ್ತೇನೆ.

ಕೈಕೊಟ್ಟದ್ದು ಜಾಸ್ತಿ ಸ್ಪೈರಲ್ ಕೇಸುಗಳು, ಅಂದರೆ ಮೂಳೆ ತಿರುಚಿದಂತೆ ಸುರುಳಿಯಾಗಿ ಮುರಿದವು. ಮೊದಲ ದಿನ ಚೆಂದ ಕೂತವು ವಾರದಲ್ಲಿ ತಿರುಗಿಬಿಡುತ್ತವೆ. ಅವನ್ನು ಈಗ ಸೀದಾ ವೈರಿಂಗ್‌ಗೇ ಹಾಕುತ್ತೇನೆ. ಇನ್ನೊಂದು, ಊತ ಇಳಿದ ಮೇಲೆ ಪ್ಲಾಸ್ಟರ್ ಲೊಡಲೊಡ ಆಗುವುದು. ಆರೇಳು ದಿನಕ್ಕೆ ಬಿಚ್ಚಿ ಹೊಸದು ಹಾಕಲೇಬೇಕು. ಕೆಲವರು ಅಷ್ಟರಲ್ಲಿ ನಾಟಿ ಕಟ್ಟಿಗೆ ಹೋಗಿ, ಬೆರಳು ನೆಟ್ಟಗೆ ಕಟ್ಟಿಸಿಕೊಂಡು, ತಿಂಗಳು ಬಿಟ್ಟು ಮೊಟ್ಟೆ ವಾಸನೆ ಸಮೇತ ಬರುತ್ತಾರೆ. ಆಗ ಗೆಣ್ಣು ಬಗ್ಗಿಸುವುದು ಫಿಸಿಯೋದವರ ಕರ್ಮ.

ದುಡ್ಡಿನ ಮಾತು. ಮಿನಿ ಪ್ಲೇಟ್, ಸ್ಕ್ರೂ, ಓಟಿ, ಅರಿವಳಿಕೆ ಎಲ್ಲ ಸೇರಿ ನಮ್ಮ ಊರಲ್ಲಿ 35-40 ಸಾವಿರ. ಪ್ಲಾಸ್ಟರ್ ಎರಡು ಸಲ ಹಾಕಿ ಎಕ್ಸ್-ರೇ ತೆಗೆದರೂ 3,000 ದಾಟಲ್ಲ. "ಹೀಗಾದ್ರೆ ಓಟಿ ಕರೆಂಟ್ ಬಿಲ್ ಯಾರು ಕಟ್ತಾರೆ ಡಾಕ್ಟ್ರೇ?" ಅಂತ ಪಾರ್ಟ್ನರ್ ತಿಂಗಳುಗಟ್ಟಲೆ ಗೊಣಗಿದರು. ಆಮೇಲೆ ಓಪಿಡಿ ತುಂಬಿತು, ಗೊಣಗಾಟ ನಿಂತಿತು. ಪ್ಲೇಟ್ ಹಾಕಿದ ಕಡೆ ಟೆಂಡನ್ (ಸ್ನಾಯುರಜ್ಜು) ಅಂಟಿಕೊಂಡು, ಅದನ್ನು ಬಿಡಿಸಲು ಎರಡನೇ ಸರ್ಜರಿಯಾದರೆ ಆ ಖರ್ಚು ಯಾರ ಲೆಕ್ಕಕ್ಕೆ?

ಅಡಿಕೆ ಸುಲಿಯುವ ಅಮ್ಮ ಒಬ್ಬರು ಉಂಗುರ ಬೆರಳು ಮುರಿದುಕೊಂಡು ಬಂದಿದ್ದರು, ಕೊಯ್ಲಿನ ಸೀಸನ್ನು. ಎರಡನೇ ವಾರ ಬಂದಾಗ ಪ್ಲಾಸ್ಟರಿನ ಅಂಚೆಲ್ಲ ಅಡಿಕೆ ಚೊಗರಿನಿಂದ ಕಪ್ಪು. ಮೆಟ್ಟುಗತ್ತಿ ಮುಂದೆ ಕೂತಿದ್ದಾರೆ! ಬೈಯಲು ಹೋದರೆ, "ಬೆರಳು ಆಡಿಸು ಅಂದಿದ್ರಲ್ಲ ಡಾಕ್ಟ್ರೇ, ಸುಮ್ನೆ ಆಡಿಸೋ ಬದಲು ಸುಲಿದೆ" ಅಂದರು. ಎಕ್ಸ್-ರೇನಲ್ಲಿ ಮೂಳೆ ಒಂದಿಷ್ಟೂ ಅಲುಗಿರಲಿಲ್ಲ. ಎಲ್ಲರಿಗೂ ಹೇಳುವ ಸಲಹೆ ಅಲ್ಲ ಇದು.

ನಡುವೆ ಥರ್ಮೋಪ್ಲಾಸ್ಟಿಕ್ ಶೀಟ್ (ಬಿಸಿ ಮಾಡಿದರೆ ಬಾಗುವ ಪ್ಲಾಸ್ಟಿಕ್ ಹಾಳೆ) ದುಬಾರಿ ಅಂತ 4 ಇಂಚಿನ ಪಿವಿಸಿ ಪೈಪ್ ಬಿಸಿ ಮಾಡಿ ಸ್ಪ್ಲಿಂಟ್ (ಆಸರೆ ಪಟ್ಟಿ) ಮಾಡಿ ನೋಡಿದೆ. ಮಣಿಕಟ್ಟಿಗೆ ಪರವಾಗಿಲ್ಲ. ಗೆಣ್ಣಿಗೆ ಅಂಚು ಚುಚ್ಚುತ್ತದೆ, ಬೆವರು ಬೇರೆ. ಬಿಟ್ಟೆ. ಲಾಭವಾದದ್ದು ಕೆನಡಾದ ಡೊನಾಲ್ಡ್ ಲಲಾಂಡ್ ಜನಪ್ರಿಯ ಮಾಡಿದ ವಾಲಂಟ್ ಪದ್ಧತಿಯಿಂದ: ಮರಗಟ್ಟಿಸುವ ಮದ್ದಿಗೆ ಅಡ್ರಿನಲಿನ್ ಬೆರೆಸಿ ಚುಚ್ಚಿ, ರೋಗಿ ಎಚ್ಚರವಿರುವಾಗಲೇ ಕೈ ಸರ್ಜರಿ ಮಾಡುವುದು. ಬೆರಳಿಗೆ ಅಡ್ರಿನಲಿನ್ ಮುಟ್ಟಿಸಬೇಡಿ ಅಂತ ಓದಿ ಬಂದವರು ನಾವು, ಮೊದಮೊದಲು ನನ್ನ ಕೈಯೇ ನಡುಗಿತ್ತು. ಚುಚ್ಚಿ ಅರ್ಧ ಗಂಟೆ ಕಾದರೆ ರಕ್ತ ತಡೆಯಲು ತೋಳಿಗೆ ಬಿಗಿಯುವ ಪಟ್ಟಿ, ಟೂರ್ನಿಕೆ, ಬೇಡ. ವೈರ್ ಹಾಕಿದ ಕೂಡಲೇ ರೋಗಿ ಟೇಬಲ್ ಮೇಲೇ ಮುಷ್ಟಿ ಕಟ್ಟಿ ತೋರಿಸುತ್ತಾನೆ.

ಪ್ಲಾಸ್ಟರ್ ಬಿಚ್ಚುವುದು ಮೂರೂವರೆ, ನಾಲ್ಕು ವಾರಕ್ಕೆ. ಎಕ್ಸ್-ರೇನಲ್ಲಿ ಗೆರೆ ಹೋಗಲಿ ಅಂತ ಕಾಯಬೇಡಿ, ಅದು ತಿಂಗಳುಗಟ್ಟಲೆ ಕಾಣುತ್ತದೆ. ಒತ್ತಿದರೆ ನೋವಿಲ್ಲವೇ? ಬಿಚ್ಚಿ, ಪಕ್ಕದ ಬೆರಳಿಗೆ ಟೇಪ್ ಸುತ್ತಿ ಕಳಿಸಿ.