ಭುಜದ ಪಟ್ಟಿಗಿಂತ ಮೊದಲು ಕಸುಬು ಕೇಳಿ

ನಾನು ಕಾರವಾರ ಕಡೆಯವನು, ಗೃಹರಕ್ಷಕ ದಳದಲ್ಲಿ ಸೆಕ್ಷನ್ ಲೀಡರ್. ನಮ್ಮಲ್ಲಿ ಹೆಚ್ಚಿನವರಿಗೆ ಹೊಟ್ಟೆಪಾಡಿಗೆ ಬೇರೆ ಕೆಲಸ ಇದೆ. ಕರೆ ಬಂದಾಗ ಖಾಕಿ ಹಾಕುತ್ತೇವೆ. ಖಾಕಿ ಹಾಕಿದ ಮೇಲೆ ವರ್ಷಗಟ್ಟಲೆ ಮಾಡಿದ ಕಸುಬನ್ನು ಯಾರೂ ಕೇಳುವುದಿಲ್ಲ, ಹುದ್ದೆ ತೋರಿಸುವ ಭುಜದ ಪಟ್ಟಿಯನ್ನಷ್ಟೇ ನೋಡುತ್ತಾರೆ. ಪಟ್ಟಿ ಇಲ್ಲದವನಿಗೆ ಹಗ್ಗ ಹಿಡಿಯುವುದು, ವಾಹನ ತಿರುಗಿಸುವುದು, ಅಷ್ಟೇ.

2019ರ ಆಗಸ್ಟ್‌ನಲ್ಲಿ ಕದ್ರಾ ಅಣೆಕಟ್ಟೆಯಿಂದ ನೀರು ಬಿಟ್ಟಾಗ ಕಾಳಿ ನದಿ ದಂಡೆಯ ಊರುಗಳಿಗೆ ನೀರು ನುಗ್ಗಿತು. ಹೊಳೆ ಸಮುದ್ರ ಸೇರುವ ಅಳಿವೆ ಹತ್ತಿರದ ಒಂದು ಕೇರಿಯಲ್ಲಿ ಮುದುಕಿಯೊಬ್ಬರು ಮನೆ ಬಿಟ್ಟು ಬಂದಿರಲಿಲ್ಲ. ನೀರು ಸ್ವಲ್ಪ ಇಳಿಯಲಿ, ಆಮೇಲೆ ದೋಣಿ ಬಿಡೋಣ ಎಂದರು ಉಸ್ತುವಾರಿ ಹೊತ್ತವರು. ರಸ್ತೆಯಲ್ಲಿ ಹಗ್ಗ ಹಿಡಿದು ನಿಂತಿದ್ದ ನಮ್ಮ ಹುಡುಗ ಮೀನುಗಾರ. ನನ್ನ ಹತ್ತಿರ ಬಂದು ಮೆಲ್ಲಗೆ ಹೇಳಿದ: "ಸರ್, ಕಾಯೋದು ಬೇಡ. ಈಗ ಸಮುದ್ರದ ಭರತಿ ಇದೆ, ಅದಕ್ಕೇ ನೀರು ನಿಂತ ಹಾಗಿದೆ. ಇಳಿತ ಶುರುವಾದ್ರೆ ಹೊಳೆ ನೀರೂ ಸೇರಿ ಸಮುದ್ರಕ್ಕೆ ಎಳೀತದೆ. ಈಗ್ಲೇ ಹೋಗಿ ಬರುವಾ."

ನಾನು ಅವನನ್ನು ಕರೆದುಕೊಂಡು ಹೋಗಿ ಉಸ್ತುವಾರಿಯವರ ಎದುರು ನಿಲ್ಲಿಸಿದೆ. ಅದನ್ನೇ ಇನ್ನೊಮ್ಮೆ ಹೇಳು ಎಂದೆ. ಅವರು ಕೇಳಿ ಒಪ್ಪಿದರು. ಅವನೇ ದೋಣಿ ನಡೆಸಿದ, ಅಜ್ಜಿ ದಡಕ್ಕೆ ಬಂದರು.

ಆಮೇಲೆ ನಾನೊಂದು ನೋಟ್‌ಬುಕ್ ಮಾಡಿದೆ. ಕವಾಯತು ಮುಗಿದ ಮೇಲೆ ಒಬ್ಬೊಬ್ಬರನ್ನೇ ಕೂರಿಸಿ ಕೇಳಿದೆ. "ಏನು ಕೆಲಸ?" ಎಂದರೆ "ಸುಮ್ನೆ ಏನೋ ಸಣ್ಣದು ಸರ್" ಎನ್ನುತ್ತಾರೆ. "ಕೇರಿಯವರು ನಿಮ್ಮನ್ನು ಯಾವುದಕ್ಕೆ ಹುಡುಕಿಕೊಂಡು ಬರ್ತಾರೆ?" ಎಂದು ಕೇಳಬೇಕು. ಆಗ ಬಾಯಿ ಬಿಡುತ್ತಾರೆ. ಬೋಟಿನ ಇಂಜಿನ್ ಬಿಚ್ಚಿ ಜೋಡಿಸುವವರು, ಜೆಸಿಬಿ ಓಡಿಸುವವರು, ಹಾವು ಹಿಡಿಯುವವರು ಎಲ್ಲರೂ ಸಿಕ್ಕರು. ಒಬ್ಬರು ಎಲೆಕ್ಟ್ರಿಷಿಯನ್. ಹೊರಗಿನ ಲೈನ್ ಕಟ್ ಮಾಡಿದರೂ ಮನೆಯೊಳಗಿನ ಇನ್ವರ್ಟರ್ ಕರೆಂಟ್ ಕೊಡುತ್ತಲೇ ಇರುತ್ತದೆ, ನೀರು ತುಂಬಿದ ಮನೆಗೆ ಹಾಗೇ ಕಾಲಿಡಬಾರದು ಅಂತ ಹೇಳಿಕೊಟ್ಟದ್ದು ಅವರೇ. ಜೀವ ಉಳಿಸುವ ಮಾತು ಅದು.

ಆಜ್ಞೆ ಕೊಡುವುದು ಮೇಲಿನವರೇ, ಅದರಲ್ಲಿ ನನಗೆ ಎರಡು ಮಾತಿಲ್ಲ. ನೀರಿಗಿಳಿಯುವ ಮೊದಲು ಬಲ್ಲವನು ಮಾತಾಡಬೇಕು, ಆಮೇಲೆ ತೀರ್ಮಾನ ಆಗಬೇಕು. ವರದಿಯಲ್ಲಿ ಸಲಹೆ ಕೊಟ್ಟವನ ಹೆಸರನ್ನೂ ನಾನು ಬರೆಯುತ್ತೇನೆ. ಹೆಸರು ಕಾಗದದ ಮೇಲೆ ಬಂದರೆ ಮುಂದಿನ ಸಲ ಅವನೇ ಮುಂದೆ ಬಂದು ಹೇಳುತ್ತಾನೆ. ಹಾಗಂತ ಕಡಲು ಬಲ್ಲವನನ್ನು ಘಟ್ಟದ ಹಳ್ಳಕ್ಕೆ ಇಳಿಸಬಾರದು, ಅಲ್ಲಿನ ಸೆಳವೇ ಬೇರೆ.

ಬೇರೆ ಕೆಲಸದಲ್ಲಿದ್ದುಕೊಂಡೇ ಕರೆ ಬಂದಾಗ ಸೇವೆಗೆ ಬರುವವರ ಪ್ರಾದೇಶಿಕ ಸೇನೆ (ಟೆರಿಟೋರಿಯಲ್ ಆರ್ಮಿ) 1949ರಿಂದ ಇದೆ. ಅದರಲ್ಲಿ ರೈಲ್ವೆ, ತೈಲ ಕಂಪನಿ ನೌಕರರದೇ ಘಟಕಗಳನ್ನು ಕಟ್ಟಿದ್ದಾರೆ. ತುರ್ತಿನ ಹೊತ್ತಿಗೆ ಅವರು ಮಾಡುವುದು ತಮ್ಮದೇ ಕೆಲಸ. ಅಲ್ಲಿ ಆಗುವುದು ನಮ್ಮಲ್ಲೂ ಆಗಬಹುದು, ಅಲ್ವಾ?

ಶಿರಸಿ ಮಾರಿಕಾಂಬೆ ಜಾತ್ರೆಯಂಥ ಬಂದೋಬಸ್ತಿಗೆ ಬೇರೆ ತಾಲೂಕಿಗೆ ಹೋದಾಗ ಅಲ್ಲಿಯವರಿಗೆ ನಮ್ಮವರ ಪರಿಚಯ ಇರುವುದಿಲ್ಲ. ಹಾಗಾಗಿ ಈಗ ಹೊರಡುವವರ ಹೆಸರಿನ ಪಟ್ಟಿಯಲ್ಲೇ ಪಕ್ಕದಲ್ಲಿ ಕಸುಬು ಬರೆದು, ಹೋದ ಕೂಡಲೇ ಅಲ್ಲಿನ ಉಸ್ತುವಾರಿಯವರ ಕೈಗೆ ಕೊಡುತ್ತಿದ್ದೇನೆ.